ಹೆಸರಿಲ್ಲದ ಹದಿಮೂರು ಪದ್ಯಗಳು: ಐ. ಎ. ರಿಚರ್ಡ್ಸರ ಬಾಳು ಮತ್ತು ಪಾಠ

ಕಾವ್ಯವನ್ನು ತರಗತಿಯಲ್ಲಿ ಪಾಠ ಹೇಳುವವರಿಗೆ ವರ್ಷಕ್ಕೊಮ್ಮೆ ಒಂದು ಧರ್ಮಸಂಕಟ ಒದಗುತ್ತದೆ. ಕವಿತೆಯ ಸೊಗಸನ್ನು ಕುರಿತು ವರ್ಷವೆಲ್ಲ ಮಾತನಾಡಿದವರು ವರ್ಷದ ಕೊನೆಗೆ ಕೆಂಪು ಶಾಯಿಯ ಲೇಖನಿ ಹಿಡಿದು ಕುಳಿತು, ಒಬ್ಬೊಬ್ಬ ವಿದ್ಯಾರ್ಥಿಯ ರಸಾನುಭವವೂ ನೂರಕ್ಕೆ ಎಷ್ಟು ಬೆಲೆ ಬಾಳುತ್ತದೆಂದು ನಿರ್ಣಯಿಸಬೇಕಾಗುತ್ತದೆ. ಈ ಕೆಲಸವನ್ನು ನಾನೂ ಬಹುಕಾಲ ಮಾಡಿದ್ದೇನೆ. ಒಂದೇ ಕಟ್ಟಿನಲ್ಲಿ ಇಪ್ಪತ್ತು ಉತ್ತರಪತ್ರಿಕೆಗಳು ಒಂದೇ ವಾಕ್ಯದಿಂದ ಮೊದಲಾಗುವುದನ್ನು ಕಂಡಿದ್ದೇನೆ. ಆ ವಾಕ್ಯ ಯಾವ ಗೈಡಿನಿಂದ ಬಂದಿತೆಂಬುದೂ ಪರೀಕ್ಷಕನಿಗೆ ತಿಳಿದೇ ಇರುತ್ತದೆ. ಅವುಗಳ ನಡುವೆ ಎಲ್ಲಿಯೋ ಒಬ್ಬ ವಿದ್ಯಾರ್ಥಿನಿ, ಎಲ್ಲರೂ ಹೊಗಳುವ ಈ ಪದ್ಯ ತನ್ನನ್ನು ತಟ್ಟಲಿಲ್ಲವೆಂದು ಬರೆದು, ಅದಕ್ಕೆ ಕಾರಣವನ್ನೂ ತಡವರಿಸುತ್ತ ಹೇಳಿರುತ್ತಾಳೆ. ಆ ಕಾರಣ ಸರಿಯಾಗಿರುವುದಿಲ್ಲ; ಮೂರನೆಯ ಸಾಲಿನ ಅನ್ವಯವನ್ನೇ ಆಕೆ ಬೇರೆಯಾಗಿ ಮಾಡಿಕೊಂಡಿರುತ್ತಾಳೆ. ಆದರೂ ಪದ್ಯವನ್ನು ಆಕೆ ಓದಿದ್ದಾಳೆ. ಆ ಇಪ್ಪತ್ತು ಮಂದಿ ಓದಿಲ್ಲ. ಅಂಕಗಳ ಪಟ್ಟಿಯಲ್ಲಿ ಮಾತ್ರ ಅವರೇ ಆಕೆಗಿಂತ ಮೇಲೆ ನಿಲ್ಲುತ್ತಾರೆ.

ಈ ತೊಡಕು ಇಂದಿನದಲ್ಲ, ನಮ್ಮ ನಾಡಿಗೆ ಮಾತ್ರ ಸೇರಿದುದೂ ಅಲ್ಲ. ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಒಬ್ಬ ಅಧ್ಯಾಪಕರು ಇದನ್ನು ಎದುರಿಸಿದರು. ಅವರು ಐವರ್ ಆರ್ಮ್‌ಸ್ಟ್ರಾಂಗ್ ರಿಚರ್ಡ್ಸ್. ‘ಪ್ರಾಯೋಗಿಕ ವಿಮರ್ಶೆ’ ಎಂಬ ಮಾತು ನಮ್ಮ ವಿಮರ್ಶೆಯ ಬರವಣಿಗೆಯಲ್ಲಿ ಇಂದು ಸಲೀಸಾಗಿ ಓಡಾಡುತ್ತಿದೆ. ಆ ಮಾತಿನ ಹಿಂದೆ ಇರುವುದು ರಿಚರ್ಡ್ಸರ ಒಂದು ಪುಸ್ತಕ. ಪುಸ್ತಕದ ಹಿಂದೆ ಇರುವುದು ಒಂದು ತರಗತಿ. ಆ ತರಗತಿಯಲ್ಲಿ ನಡೆದುದೇನು, ಅದು ಮುಂದೆ ಏನಾಯಿತು ಎಂಬ ಕತೆ ಕಾವ್ಯದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತಿಳಿದಿರಬೇಕಾದುದೆಂದು ನಾನು ನಂಬಿದ್ದೇನೆ.

*

ರಿಚರ್ಡ್ಸರು ಹುಟ್ಟಿದ್ದು ೧೮೯೩ರ ಫೆಬ್ರವರಿ ೨೬ರಂದು, ಚೆಷೈರ್ ಪ್ರಾಂತದ ಸ್ಯಾಂಡ್‌ಬ್ಯಾಚ್ ಎಂಬ ಊರಿನಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬ್ರಿಸ್ಟಲ್ ನಗರದ ಕ್ಲಿಫ್ಟನ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕ್ಷಯರೋಗ ತಗುಲಿತು. ಆ ಕಾಲದಲ್ಲಿ ಕ್ಷಯಕ್ಕೆ ಮದ್ದಿರಲಿಲ್ಲ. ಒಳ್ಳೆಯ ಗಾಳಿಯೇ ಮದ್ದು. ಮತ್ತೆ ಮತ್ತೆ ಮರುಕಳಿಸಿದ ಆ ರೋಗದಿಂದ ಚೇತರಿಸಿಕೊಳ್ಳುತ್ತಿದ್ದ ಹುಡುಗನಿಗೆ ವೇಲ್ಸಿನ ಬೆಟ್ಟಗಳು ಆಸರೆಯಾದುವು. ಶ್ವಾಸಕೋಶ ನೆಟ್ಟಗಿಲ್ಲದವನು ಬಂಡೆ ಹತ್ತಲು ಕಲಿತನು. ಆ ಚಟ ಜೀವಮಾನವಿಡೀ ಬಿಡಲಿಲ್ಲ.

ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿಗೆ ಅವರು ಸೇರಿದ್ದು ೧೯೧೧ರಲ್ಲಿ, ಚರಿತ್ರೆಯ ವಿದ್ಯಾರ್ಥಿಯಾಗಿ. ಚರಿತ್ರೆ ಒಗ್ಗಲಿಲ್ಲ. ತತ್ತ್ವಶಾಸ್ತ್ರ ಮತ್ತು ಮನಶ್ಶಾಸ್ತ್ರಗಳನ್ನೊಳಗೊಂಡ ‘ಮಾರಲ್ ಸೈನ್ಸಸ್’ ವಿಭಾಗಕ್ಕೆ ವರ್ಗಾಯಿಸಿಕೊಂಡು, ೧೯೧೫ರಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದರು. ಇಂಗ್ಲಿಷ್ ಸಾಹಿತ್ಯದಲ್ಲಿ ಅವರು ಯಾವ ಪರೀಕ್ಷೆಯನ್ನೂ ಕೊಡಲಿಲ್ಲ. ಮುಂದೆ ಒಂದು ತಲೆಮಾರಿನ ಇಂಗ್ಲಿಷ್ ಅಧ್ಯಾಪಕರಿಗೆಲ್ಲ ಗುರುವಾದವರು ಆ ವಿಷಯದಲ್ಲಿ ಒಂದು ಅಂಕವನ್ನೂ ಗಳಿಸಿದವರಲ್ಲ ಎಂಬುದನ್ನು ನೆನೆದರೆ ನನಗೆ ಸ್ವಲ್ಪ ನಗು ಬರುತ್ತದೆ, ಸ್ವಲ್ಪ ಸಮಾಧಾನವೂ ಆಗುತ್ತದೆ.

೧೯೧೮ರ ನವೆಂಬರ್ ೧೧ರಂದು ಮಹಾಯುದ್ಧ ಮುಗಿಯಿತು. ಆ ದಿನ ಕೇಂಬ್ರಿಜ್‌ನಲ್ಲಿ ವಿಜಯೋತ್ಸವದ ಮತ್ತಿನಲ್ಲಿದ್ದ ಗುಂಪೊಂದು ಸಿ. ಕೆ. ಆಗ್ಡನ್ ಎಂಬ ಪತ್ರಿಕಾಸಂಪಾದಕರ ಅಂಗಡಿಯನ್ನು ಧ್ವಂಸಮಾಡಿತು. ಅವರ ಪತ್ರಿಕೆ ಯುದ್ಧದ ಅಬ್ಬರಕ್ಕೆ ದನಿಗೂಡಿಸದಿದ್ದುದೇ ಅಪರಾಧ. ಗುಂಪಿನಲ್ಲಿದ್ದವರು ಯಾರೆಂದು ವಿಚಾರಿಸಲು ಆಗ್ಡನ್ನರು ಆ ರಾತ್ರಿ ರಿಚರ್ಡ್ಸರಲ್ಲಿಗೆ ಬಂದರು. ವಿಚಾರಣೆ ಎಲ್ಲಿಯೋ ನಿಂತು, ಮೆಟ್ಟಿಲ ಮೇಲೆ ನಿಂತಂತೆಯೇ ಇಬ್ಬರೂ ಶಬ್ದ ಮತ್ತು ಅರ್ಥಗಳ ಸಂಬಂಧವನ್ನು ಕುರಿತು ಗಂಟೆಗಟ್ಟಲೆ ಚರ್ಚಿಸಿದರು. ಆ ರಾತ್ರಿಯ ಮಾತು ಬೆಳೆದು ೧೯೨೩ರಲ್ಲಿ ‘ದಿ ಮೀನಿಂಗ್ ಆಫ್ ಮೀನಿಂಗ್’ ಎಂಬ ಗ್ರಂಥವಾಯಿತು. ಜನ ಒಂದೇ ಮಾತನ್ನು ಕೇಳಿ ಬೇರೆ ಬೇರೆ ಅರ್ಥ ಮಾಡಿಕೊಳ್ಳುವುದೇಕೆ ಎಂಬ ಪ್ರಶ್ನೆ ಅಲ್ಲಿಂದ ಮುಂದೆ ರಿಚರ್ಡ್ಸರನ್ನು ಬಿಡಲಿಲ್ಲ. ನಾಲ್ಕು ವರ್ಷ ಹೊಗಳಿಕೆ ತೆಗಳಿಕೆಯ ಸಿದ್ಧವಾಕ್ಯಗಳಿಂದಲೇ ಒಂದು ಖಂಡವನ್ನು ಯುದ್ಧದಲ್ಲಿ ನಡೆಸಿದ್ದನ್ನು ಕಂಡ ಪೀಳಿಗೆಗೆ ಅದು ಬರಿಯ ಪಂಡಿತರ ಪ್ರಶ್ನೆಯಾಗಿರಲಿಲ್ಲ.

ಆದರೂ ಆಗ ಅವರ ಮನಸ್ಸು ಬೆಟ್ಟದ ಕಡೆಗೇ ಎಳೆಯುತ್ತಿತ್ತು. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಪರ್ವತಾರೋಹಿಗಳಿಗೆ ಮಾರ್ಗದರ್ಶಿಯಾಗಿ ಹೊಟ್ಟೆಹೊರೆದುಕೊಳ್ಳಬೇಕೆಂದು ನಿಶ್ಚಯಿಸಿ, ಅಲ್ಲಿನ ಜಮೀನುದಾರರಿಗೆ ಪರಿಚಯಪತ್ರ ಬೇಡಲು ಮ್ಯಾನ್ಸ್‌ಫೀಲ್ಡ್ ಫೋರ್ಬ್ಸ್ ಎಂಬ ಅಧ್ಯಾಪಕರಲ್ಲಿಗೆ ಹೋದರು. ಮಾತು ಹೇಗೋ ವರ್ಡ್ಸ್‌ವರ್ತ್ ಕವಿಯ ಕಡೆಗೆ ಹೊರಳಿತು. ಹಾಗೆಯೇ ಬಹಳ ಹೊತ್ತು ಕಳೆಯಿತು. ಪರಿಚಯಪತ್ರ ಬರೆಯಬೇಕಾಗಿದ್ದ ಫೋರ್ಬ್ಸರು ಅದನ್ನು ಬದಿಗಿಟ್ಟು, ಇಂಗ್ಲಿಷ್ ಸಾಹಿತ್ಯದ ಮೇಲೆ ಉಪನ್ಯಾಸ ಕೊಡುವಿರಾ ಎಂದು ಕೇಳಿದರು. ಹೀಗೆ ೧೯೧೯ರಲ್ಲಿ ರಿಚರ್ಡ್ಸರು ಸಾಹಿತ್ಯದ ಅಧ್ಯಾಪಕರಾದರು.

ಅಧ್ಯಾಪಕರಾದರು ಎಂದೊಡನೆ ಸಂಬಳದ ಕೆಲಸವೆಂದು ತಿಳಿಯಬಾರದು. ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಸ್ವತಂತ್ರ ಪರೀಕ್ಷೆಯೊಂದು ಮಂಜೂರಾದದ್ದೇ ೧೯೧೭ರಲ್ಲಿ. ಹೊಸ ವಿಭಾಗ, ಹಣವಿಲ್ಲ. ಉಪನ್ಯಾಸಕ್ಕೆ ಬಂದ ವಿದ್ಯಾರ್ಥಿಗಳಿಂದ ತಲೆಗೆ ೧೫ ಷಿಲ್ಲಿಂಗಿನಂತೆ ಬರುವುದೇ ಸಂಭಾವನೆ. ಎಂದರೆ ಅಲ್ಲಿ ಅಂಕ ಬೀಳುತ್ತಿದ್ದುದು ಮೊದಲು ಅಧ್ಯಾಪಕರಿಗೆ! ಕೇಳುವವರು ಎದ್ದುಹೋದರೆ ಊಟಕ್ಕೆ ಸಂಚಕಾರ. ರಿಚರ್ಡ್ಸರಿಗೆ ಆ ಭಯ ಬಹುಕಾಲ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಅವರ ಉಪನ್ಯಾಸಕ್ಕೆ ಜನ ಕಿಕ್ಕಿರಿದು ಸೇರತೊಡಗಿದರು. ೧೯೨೪ರಲ್ಲಿ ‘ಪ್ರಿನ್ಸಿಪಲ್ಸ್ ಆಫ್ ಲಿಟರರಿ ಕ್ರಿಟಿಸಿಸಂ’ ಪ್ರಕಟವಾದಾಗ, ಮೂವತ್ತೊಂದು ವಯಸ್ಸಿನ ಈ ಮನುಷ್ಯ ಕಾವ್ಯಮೀಮಾಂಸೆಗೆ ಮನಶ್ಶಾಸ್ತ್ರದ ತಳಹದಿ ಹಾಕಲು ಹೊರಟಿದ್ದಾರೆಂಬುದು ಎಲ್ಲರಿಗೂ ತಿಳಿಯಿತು.

*

ಆ ಗ್ರಂಥದಲ್ಲಿ ರಿಚರ್ಡ್ಸರು ಬಹು ದೊಡ್ಡ ಆಸೆಯೊಂದನ್ನು ಇಟ್ಟುಕೊಂಡಿದ್ದರು. ಒಳ್ಳೆಯ ಕವಿತೆ ಓದುಗನ ಮನಸ್ಸಿನಲ್ಲಿ ಪರಸ್ಪರ ವಿರುದ್ಧವಾದ ಅನೇಕ ಪ್ರವೃತ್ತಿಗಳನ್ನು ಎಬ್ಬಿಸಿ, ಒಂದನ್ನೂ ತುಳಿಯದೆ, ಸಮತೋಲಕ್ಕೆ ತರುತ್ತದೆ. ಈ ಸಮತೋಲ ಎಷ್ಟು ವಿಶಾಲವೋ ಕವಿತೆ ಅಷ್ಟು ಶ್ರೇಷ್ಠ—ಇದು ಅವರ ಸಿದ್ಧಾಂತದ ತಿರುಳು. ಕವಿತೆಯ ಯೋಗ್ಯತೆಯನ್ನು ಮುಂದೊಂದು ದಿನ ಶಾಸ್ತ್ರವೇ ಅಳೆಯಬಹುದೆಂಬ ಭರವಸೆ ಅದರಲ್ಲಿ ಅಡಗಿತ್ತು. ಕಾವ್ಯಕ್ಕೆ ಅಳತೆಗೋಲು ಮಾಡಹೊರಟವರು ಮೊದಲು ಮಾಡಬೇಕಾದ ಕೆಲಸ ಒಂದೇ: ಕವಿತೆ ಓದುವವರ ಮನಸ್ಸಿನಲ್ಲಿ ನಿಜವಾಗಿ ಏನು ನಡೆಯುತ್ತದೆಂದು ನೋಡುವುದು. ಹಾಗೆ ನೋಡಲು ಹೋದಾಗಲೇ ಅವರಿಗೆ ಜೀವಮಾನದ ಆಶ್ಚರ್ಯ ಕಾದಿದ್ದುದು.

೧೯೨೦ರ ದಶಕದ ನಡುಭಾಗದಿಂದ ಮೊದಲಾಗಿ ಕೆಲವು ವರ್ಷ ಅವರು ಈ ಪ್ರಯೋಗ ನಡೆಸಿದರು. ತರಗತಿಯಲ್ಲಿ ಪದ್ಯಗಳ ಅಚ್ಚಾದ ಹಾಳೆಗಳನ್ನು ಹಂಚುವರು. ಕವಿಯ ಹೆಸರಿಲ್ಲ, ಕಾಲವಿಲ್ಲ. ಹಳೆಯ ಕಾಲದ ಕಾಗುಣಿತ ಗುಟ್ಟು ಬಿಟ್ಟುಕೊಡದಂತೆ ಅದನ್ನೂ ಹೊಸ ರೀತಿಗೆ ತಿದ್ದಿರುತ್ತಿತ್ತು. ಒಂದು ವಾರದ ಅವಧಿ. ಬೇಕಾದಷ್ಟು ಸಲ ಓದಿ, ಎಷ್ಟು ಸಲ ಓದಿದೆವೆಂಬುದನ್ನೂ ಗುರುತುಹಾಕಿ, ಮನಸ್ಸಿಗೆ ತೋರಿದುದನ್ನು ಬರೆದು ತಂದುಕೊಡಬೇಕು. ಬರೆದವರು ತಮ್ಮ ಹೆಸರು ಹಾಕಬೇಕಾಗಿಲ್ಲ. ಪದ್ಯ ಒಳ್ಳೆಯದೋ ಕೆಟ್ಟದೋ ಎಂಬ ಬಗ್ಗೆ ಅಧ್ಯಾಪಕರು ಮುಂಚಿತವಾಗಿ ಒಂದು ಸುಳಿವನ್ನೂ ಕೊಡುವುದಿಲ್ಲ. ಮುಂದಿನ ವಾರ ಆ ಅಭಿಪ್ರಾಯಗಳನ್ನೂ ಪದ್ಯಗಳನ್ನೂ ಒಟ್ಟಿಗೆ ಇಟ್ಟುಕೊಂಡು ಉಪನ್ಯಾಸ.

ಹಂಚಿದ ಹಾಳೆಗಳಲ್ಲಿ ಸುಮಾರು ನೂರಕ್ಕೆ ಅರವತ್ತು ಹಿಂದಿರುಗುತ್ತಿದ್ದುವು. ನಾಲ್ಕು ಸಲಕ್ಕಿಂತ ಕಡಮೆ ಓದಿದವರು ಅಪರೂಪ. ಹತ್ತು ಹನ್ನೆರಡು ಸಲ ಓದಿದವರೂ ಇದ್ದರು. ಬರೆದವರಲ್ಲಿ ಹೆಚ್ಚು ಮಂದಿ ಇಂಗ್ಲಿಷನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡಿದ್ದ ಪದವಿಯ ವಿದ್ಯಾರ್ಥಿಗಳು. ಆ ಕೊಠಡಿಯಲ್ಲಿ ಗರ್ಟನ್ ಮತ್ತು ನ್ಯೂನಂ ಕಾಲೇಜುಗಳ ಹೆಣ್ಣುಮಕ್ಕಳೂ ಕುಳಿತಿರುತ್ತಿದ್ದರು. ಅವರು ಪರೀಕ್ಷೆ ಬರೆಯಬಹುದಾಗಿತ್ತು; ಆದರೆ ಗಂಡಸರಿಗೆ ಸಮನಾದ ಪೂರ್ಣ ಪದವಿಯನ್ನು ಕೇಂಬ್ರಿಜ್ ಅವರಿಗೆ ಕೊಟ್ಟದ್ದು ೧೯೪೮ರಲ್ಲಿ. ಹೆಸರಿಲ್ಲದ ಆ ಹಾಳೆಗಳ ಮೇಲೆ ಮಾತ್ರ ಗಂಡು ಹೆಣ್ಣೆಂಬ ತಾರತಮ್ಯ ಇರಲಿಲ್ಲ. ಅಂಕವೂ ಇರಲಿಲ್ಲ. ಹೆಸರೇ ಇಲ್ಲದ ಮೇಲೆ ಅಂಕವನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಭಯವೂ ಇಲ್ಲ, ಲಾಭವೂ ಇಲ್ಲ. ಇಂಥ ನಿರ್ಭಯದಲ್ಲಿ ಓದುಗರು ಸತ್ಯವನ್ನೇ ಬರೆದರು. ಆ ಸತ್ಯವಾದರೋ ಗಾಬರಿಗೊಳಿಸುವಂಥದು. ರಿಚರ್ಡ್ಸರು ತಮ್ಮ ಗ್ರಂಥಕ್ಕಾಗಿ ಆರಿಸಿಕೊಂಡದ್ದು ಹದಿಮೂರು ಪದ್ಯಗಳನ್ನು. ಅವುಗಳಲ್ಲಿ ಹದಿನೇಳನೆಯ ಶತಮಾನದ ಜಾನ್ ಡನ್ ಕವಿಯದೊಂದು, ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸರದೊಂದು, ಕ್ರಿಸ್ಟಿನಾ ರೊಸೆಟಿಯವರದೊಂದು, ಡಿ. ಎಚ್. ಲಾರೆನ್ಸರದೊಂದು, ಲಾಂಗ್‌ಫೆಲೊ ಅವರದೊಂದು; ಉಳಿದವುಗಳಲ್ಲಿ ಹಲವು ಇಂದು ಯಾರೂ ನೆನೆಯದ ಕವಿಗಳವು. ಹೆಸರಿನ ಹಂಗಿಲ್ಲದೆ ಓದಿದಾಗ ಸಾಧಾರಣವಾದ ಒಂದು ಭಕ್ತಿಪದ್ಯಕ್ಕೆ ದೊರೆತ ಮನ್ನಣೆ ಡನ್ನರಿಗೆ ದೊರೆಯಲಿಲ್ಲ, ಹಾಪ್ಕಿನ್ಸರಿಗೂ ದೊರೆಯಲಿಲ್ಲ. ಲಾಂಗ್‌ಫೆಲೊ ಅವರನ್ನಂತೂ ಬಹುಮಂದಿ ಸಾರಾಸಗಟಾಗಿ ತಳ್ಳಿಹಾಕಿದರು.

ಪದ್ಯಗಳ ಯೋಗ್ಯತೆಯನ್ನು ಕುರಿತ ಭಿನ್ನಾಭಿಪ್ರಾಯ ಅಷ್ಟೇನೂ ದೊಡ್ಡದಲ್ಲ. ರಿಚರ್ಡ್ಸರನ್ನು ಬೆಚ್ಚಿಬೀಳಿಸಿದ್ದು ಬೇರೆ. ದೇಶದ ಉತ್ತಮ ಶಾಲೆಗಳಿಂದ ಆಯ್ದು ಬಂದ ಈ ತರುಣರಲ್ಲಿ ಅನೇಕರಿಗೆ ಪದ್ಯದ ಸರಳ ವಾಚ್ಯಾರ್ಥವೇ ಆಗಿರಲಿಲ್ಲ. ಅನ್ವಯ ತಪ್ಪಿತ್ತು, ಕರ್ತೃಪದ ಯಾವುದು, ಕ್ರಿಯಾಪದ ಯಾವುದು ಎಂಬುದೇ ತಿಳಿದಿರಲಿಲ್ಲ. ಅರ್ಥವಾಗದ ಪದ್ಯವನ್ನು ಕುರಿತು ಅವರು ನಿರರ್ಗಳವಾಗಿ ತೀರ್ಪು ಕೊಟ್ಟಿದ್ದರು. ಲಾರೆನ್ಸರ ಪದ್ಯದಲ್ಲಿ ಒಬ್ಬ ಹೆಂಗಸಿನ ಹಾಡು ಕೇಳಿ ನಾಯಕನಿಗೆ ಬಾಲ್ಯ ನೆನಪಾಗುತ್ತದೆ. ಪಿಯಾನೋ ವಾದ್ಯದ ಕೆಳಗೆ ತಾಯಿಯ ಪಾದದ ಬಳಿ ಕುಳಿತಿದ್ದ ಆ ದಿನಗಳನ್ನು ನೆನೆದು ಅವನು ಅಳುತ್ತಾನೆ. ಅತಿಭಾವುಕತೆ ಎಂದು ಬಹುಮಂದಿ ಮೂಗುಮುರಿದರು. ಆ ಭಾವುಕತೆಯನ್ನು ನಾಯಕನೇ ಮೊದಲು ಗುರುತಿಸಿ, ಅದನ್ನು ತಡೆಯಲು ಹೆಣಗಿ, ಸೋತು, ಸೋಲನ್ನು ಒಪ್ಪಿಕೊಳ್ಳುವುದೇ ಪದ್ಯದ ವಸ್ತುವೆಂಬುದು ಅವರ ಕಣ್ಣಿಗೆ ಬೀಳಲಿಲ್ಲ. ಅಂತ್ಯದಿನದ ತೀರ್ಪನ್ನು ಕುರಿತ ಡನ್ನರ ಪದ್ಯವನ್ನು ಕೆಲವರು ಕ್ರೈಸ್ತಶ್ರದ್ಧೆ ತಮಗಿಲ್ಲವೆಂಬ ಕಾರಣಕ್ಕೇ ನಿರಾಕರಿಸಿದರು. ಮತ್ತೆ ಕೆಲವರು ಸುನೀತದ ಲಕ್ಷಣವನ್ನು ಹಿಡಿದು ಪ್ರಾಸಗಳನ್ನು ತೂಗಿನೋಡಿದರು.

ಇಷ್ಟನ್ನೂ ನೋಡಿ, ವಿದ್ಯಾರ್ಥಿಗಳು ಮೂಢರೆಂದು ಗೇಲಿಮಾಡಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ರಿಚರ್ಡ್ಸರು ಹಾಗೆ ಮಾಡಲಿಲ್ಲ. ಇವರು ತಮ್ಮ ಕಾಲದ ವಿದ್ಯಾಭ್ಯಾಸ ತಯಾರಿಸಿದ ಅತ್ಯುತ್ತಮ ಫಲ. ತಪ್ಪಿರುವುದು ಕಲಿಸಿದ ರೀತಿಯಲ್ಲಿ ಎಂಬುದು ಅವರ ತೀರ್ಮಾನ. ವೈದ್ಯನು ರೋಗಲಕ್ಷಣಗಳನ್ನು ವಿಂಗಡಿಸುವಂತೆ ಅವರು ಓದಿನ ಅಡ್ಡಿಗಳನ್ನು ಹತ್ತಾಗಿ ವಿಂಗಡಿಸಿದರು. ವಾಚ್ಯಾರ್ಥ ತಿಳಿಯದಿರುವುದು, ನಾದ ಲಯಗಳಿಗೆ ಕಿವಿಗೊಡಲಾರದಿರುವುದು, ಪ್ರತಿಮೆಗಳನ್ನು ಮನಸ್ಸಿನಲ್ಲಿ ಕಾಣುವಾಗ ಆಗುವ ಏರುಪೇರು, ಪದ್ಯಕ್ಕೆ ಸಂಬಂಧವಿಲ್ಲದ ಸ್ವಂತ ನೆನಪುಗಳು ನುಗ್ಗಿಬರುವುದು, ಮೊದಲೇ ಸಿದ್ಧವಾಗಿ ಕುಳಿತಿರುವ ಪ್ರತಿಕ್ರಿಯೆಗಳು, ಅತಿಭಾವುಕತೆ, ಅದಕ್ಕೆ ಎದುರಾದ ಭಾವಸಂಕೋಚ, ಮತಸಿದ್ಧಾಂತಗಳ ಅಂಟು, ಛಂದಸ್ಸು ತಂತ್ರಗಳ ಬಗೆಗಿನ ಪೂರ್ವಗ್ರಹ, ಕಾವ್ಯವೆಂದರೆ ಹೀಗೆಯೇ ಇರಬೇಕೆಂಬ ಪೂರ್ವಸಿದ್ಧಾಂತ—ಇವೇ ಆ ಹತ್ತು. ಮಾತಿನ ಅರ್ಥಕ್ಕೆ ವಿಷಯ, ಭಾವ, ಧಾಟಿ, ಉದ್ದೇಶ ಎಂಬ ನಾಲ್ಕು ಮುಖಗಳಿವೆಯೆಂದೂ, ಒಂದನ್ನು ಹಿಡಿದು ಮತ್ತೊಂದನ್ನು ಬಿಟ್ಟರೆ ಓದು ಕೆಡುತ್ತದೆಂದೂ ತೋರಿಸಿದರು. ವಿದ್ಯಾರ್ಥಿಗಳ ಬರಹಗಳನ್ನು ಅವರ ಮಾತಿನಲ್ಲಿಯೇ ಧಾರಾಳವಾಗಿ ಅಚ್ಚುಹಾಕಿ, ೧೯೨೯ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಗ್ರಂಥವನ್ನು ಹೊರತಂದರು. ವಿದ್ಯಾರ್ಥಿಗಳ ಉತ್ತರಗಳನ್ನೇ ಅಧ್ಯಯನದ ವಸ್ತುವನ್ನಾಗಿ ಗೌರವಿಸಿದ ಸಾಹಿತ್ಯಗ್ರಂಥ ಅದಕ್ಕೆ ಮುಂಚೆ ಇದ್ದಂತೆ ನಾನರಿಯೆ.

*

ಈ ಹತ್ತು ಅಡ್ಡಿಗಳ ಪಟ್ಟಿಯನ್ನು ಓದುವ ನಮ್ಮವರಿಗೆ ಕೂಡಲೆ ನೆನಪಾಗುವವರು ಕಾಶ್ಮೀರದ ಅಭಿನವಗುಪ್ತರು. ರಿಚರ್ಡ್ಸರಿಗಿಂತ ಸುಮಾರು ಒಂಬತ್ತು ಶತಮಾನಗಳ ಹಿಂದೆ, ಭರತನ ನಾಟ್ಯಶಾಸ್ತ್ರಕ್ಕೆ ಬರೆದ ‘ಅಭಿನವಭಾರತಿ’ ವ್ಯಾಖ್ಯಾನದಲ್ಲಿ, ಅವರು ಏಳು ರಸವಿಘ್ನಗಳನ್ನು ಎಣಿಸಿದ್ದಾರೆ. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ರಂಗದ ಮೇಲಿನದನ್ನು ಕಾಣದೆ ಹೋಗುವುದು ಅವುಗಳಲ್ಲೊಂದು. ರಿಚರ್ಡ್ಸರು ಹೇಳುವ ನೆನಪುಗಳ ನುಗ್ಗಾಟ ಇದೇ ಅಲ್ಲವೆ? ಆದರೆ ಹೋಲಿಕೆ ಇದ್ದಂತೆ ಭೇದವೂ ಇದೆ. ನಮ್ಮ ಆಲಂಕಾರಿಕರು ಸಹೃದಯನನ್ನು ಕಾವ್ಯಾಭ್ಯಾಸದಿಂದ ಕನ್ನಡಿಯಂತೆ ನಿರ್ಮಲವಾದ ಮನಸ್ಸುಳ್ಳವನೆಂದು ಲಕ್ಷಣಿಸಿ, ಅಂಥವನ ಅನುಭವವನ್ನು ವಿವರಿಸಿದರು. ಕನ್ನಡಿಗೆ ಇನ್ನೂ ಧೂಳು ಹಿಡಿದಿರುವ ಹತ್ತೊಂಬತ್ತು ವರ್ಷದ ಹುಡುಗ ಹುಡುಗಿಯರು ಮುಂದಿನ ಬೆಂಚಿನಲ್ಲಿ ಕುಳಿತಿರುವಾಗ ಮಾಡಬೇಕಾದುದೇನು? ಅದು ರಿಚರ್ಡ್ಸರ ಪ್ರಶ್ನೆ. ಪಾಠ ಹೇಳುವ ನಮ್ಮೆಲ್ಲರ ಪ್ರಶ್ನೆಯೂ ಅದೇ.

ರಿಚರ್ಡ್ಸರ ಪಾಠಕ್ಕೆ ಹೊರೆ ಕಡಮೆ, ಸ್ವಾತಂತ್ರ್ಯ ಹೆಚ್ಚು. ಗಣಿತದಿಂದ ಇಂಗ್ಲಿಷಿಗೆ ಬಂದ ವಿಲಿಯಂ ಎಂಪ್ಸನ್ ಎಂಬ ವಿದ್ಯಾರ್ಥಿ, ಷೇಕ್ಸ್‌ಪಿಯರನ ಒಂದು ಸುನೀತಕ್ಕೆ ಎಷ್ಟೊಂದು ಅರ್ಥಗಳು ಸಾಧ್ಯವೆಂದು ಅವರಲ್ಲಿ ಬಂದು ವಾದಿಸತೊಡಗಿದನು. ಗುರು ಅವನನ್ನು ತಡೆಯಲಿಲ್ಲ. ಹೋಗಿ ಬರೆದುಕೊಂಡು ಬಾ ಎಂದು ಕಳುಹಿಸಿದರು. ಎರಡು ವಾರದಲ್ಲಿ ಅವನು ದಪ್ಪನೆಯ ಹಸ್ತಪ್ರತಿಯೊಡನೆ ಮರಳಿದನು. ಅದರಿಂದ ಬೆಳೆದ ಗ್ರಂಥ ‘ಸೆವೆನ್ ಟೈಪ್ಸ್ ಆಫ್ ಆಂಬಿಗ್ಯುಯಿಟಿ’ ೧೯೩೦ರಲ್ಲಿ ಪ್ರಕಟವಾಯಿತು. ಆಗ ಲೇಖಕನಿಗೆ ಇಪ್ಪತ್ನಾಲ್ಕು ವಯಸ್ಸು. ಮುಂದೆ ಕೇಂಬ್ರಿಜ್ ವಿಮರ್ಶೆಯಲ್ಲಿ ಪ್ರಖ್ಯಾತರಾದ, ರಿಚರ್ಡ್ಸರನ್ನು ಕಟುವಾಗಿಯೇ ವಿರೋಧಿಸಿದ ಎಫ್. ಆರ್. ಲೀವಿಸರೂ ಆ ಪದ್ಯಗಳ ತರಗತಿಯಲ್ಲಿ ಕುಳಿತು ಕೇಳಿದವರೇ. ಒಬ್ಬ ಗುರುವಿನ ಯೋಗ್ಯತೆಗೆ ಅಂಕ ಹಾಕಬೇಕಾದರೆ, ತನಗಿಂತ ಭಿನ್ನರಾದ ಶಿಷ್ಯರನ್ನು ಬೆಳೆಯಗೊಟ್ಟನೆ ಎಂಬುದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ತೋರುವುದಿಲ್ಲ.

ಈ ಮಧ್ಯೆ ಬೆಟ್ಟಗಳೂ ಬಿಟ್ಟಿರಲಿಲ್ಲ. ೧೯೨೬ರ ಕೊನೆಯ ದಿನ ಹೊನೊಲುಲುವಿನಲ್ಲಿ ಅವರು ವಿವಾಹವಾದ ಡೊರೊತಿ ಪಿಲಿ ಸ್ವತಃ ಹೆಸರಾಂತ ಪರ್ವತಾರೋಹಿ. ೧೯೨೮ರಲ್ಲಿ ದಂಪತಿಗಳು ಜೋಸೆಫ್ ಜಾರ್ಜ್ ಎಂಬ ಮಾರ್ಗದರ್ಶಿ ಮತ್ತು ಆತನ ಸೋದರನೊಡನೆ, ಆಲ್ಪ್ಸ್ ಪರ್ವತದ ಡಾಂ ಬ್ಲಾಂಷ್ ಶಿಖರವನ್ನು ಅದರ ದುರ್ಗಮವಾದ ಉತ್ತರದ ಏಣಿನಿಂದ ಏರಿದರು. ಕಾಲೂರುವ ಮುನ್ನ ಕಲ್ಲನ್ನು ಪರೀಕ್ಷಿಸಿಕೊಳ್ಳಬೇಕಾದ ಆ ವಿದ್ಯೆಗೂ, ಪದ ಪದವನ್ನೂ ಪರೀಕ್ಷಿಸಿ ಮುಂದುವರಿಯುವ ಅವರ ಓದಿಗೂ ನಂಟಿರಬಹುದು.

‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟವಾದ ವರ್ಷವೇ ರಿಚರ್ಡ್ಸರು ಚೀನಾ ದೇಶದ ಪೀಕಿಂಗಿಗೆ ತೆರಳಿ ತ್ಸಿಂಗ್‌ಹುವಾ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ಅಲ್ಲಿ ಥಾಮಸ್ ಹಾರ್ಡಿಯವರ ‘ಟೆಸ್’ ಕಾದಂಬರಿಯನ್ನು ಓದಿಸುತ್ತ ಕೊನೆಗೆ ಬಂದರು. ಇಂಗ್ಲೆಂಡಿನ ಓದುಗರು ಕಣ್ಣೀರಿಡುವ ಜಾಗ ಅದು; ನಾಯಕಿಗೆ ಗಲ್ಲಾಗುತ್ತದೆ. ಚೀನೀ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ತಂದೆಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದ ಮಗಳಿಗೆ ತಕ್ಕ ಶಿಕ್ಷೆಯಾಯಿತೆಂಬುದು ಅವರ ಎಣಿಕೆ. ಈ ಪ್ರಸಂಗವನ್ನು ರಿಚರ್ಡ್ಸರು ಮುಂದೆಯೂ ನೆನೆಯುತ್ತಿದ್ದರು. ಇಲ್ಲಿ ವಾಚ್ಯಾರ್ಥದಲ್ಲಿ ಯಾರೂ ಎಡವಿರಲಿಲ್ಲ, ಭಾವಸಂಕೋಚವೂ ಇರಲಿಲ್ಲ. ಓದುವವರು ಹೊತ್ತುತಂದ ನಿರೀಕ್ಷೆಯೇ ಬೇರೆ. ಇದನ್ನು ತಪ್ಪು ಉತ್ತರವೆಂದು ಗೀಟುಹಾಕುವುದು ಹೇಗೆ? ಒಂದು ಸಂಸ್ಕೃತಿಯ ಮಾತು ಮತ್ತೊಂದಕ್ಕೆ ಎಷ್ಟರಮಟ್ಟಿಗೆ ಮುಟ್ಟಬಲ್ಲುದು ಎಂಬ ಚಿಂತೆ ಅವರನ್ನು ಹಿಡಿಯಿತು. ೧೯೩೨ರಲ್ಲಿ ಬಂದ ‘ಮೆನ್ಷಿಯಸ್ ಆನ್ ದ ಮೈಂಡ್’ ಗ್ರಂಥ ಆ ಚಿಂತೆಯ ಫಲ.

*

ಇತ್ತ ಅವರ ಪ್ರಯೋಗಕ್ಕೆ ವಿಚಿತ್ರವಾದ ಗತಿಯೊಂದು ಒದಗಿತು. ಕವಿಯ ಹೆಸರಿಲ್ಲದ ಪದ್ಯವನ್ನು ಕೊಟ್ಟು ಅಭಿಪ್ರಾಯ ಬರೆಸುವ ಕ್ರಮ ಕೇಂಬ್ರಿಜ್‌ನ ಪರೀಕ್ಷೆಯಲ್ಲಿಯೇ ಒಂದು ಪತ್ರಿಕೆಯಾಗಿ ಸೇರಿತು. ಅಲ್ಲಿಂದ ಇಂಗ್ಲಿಷ್ ಕಲಿಸುವ ದೇಶಗಳಿಗೆಲ್ಲ ಹರಡಿತು. ಅಮೆರಿಕದಲ್ಲಿ ಕ್ಲಿಯಾಂತ್ ಬ್ರೂಕ್ಸ್ ಮತ್ತು ರಾಬರ್ಟ್ ಪೆನ್ ವಾರನ್ನರು ೧೯೩೮ರಲ್ಲಿ ಪ್ರಕಟಿಸಿದ ‘ಅಂಡರ್‌ಸ್ಟ್ಯಾಂಡಿಂಗ್ ಪೊಯೆಟ್ರಿ’ ಎಂಬ ಪಠ್ಯ ಇಂಥ ನಿಕಟವಾದ ಓದನ್ನು ಅಲ್ಲಿನ ಕಾಲೇಜುಗಳ ನಿತ್ಯದ ಪದ್ಧತಿಯನ್ನಾಗಿ ಮಾಡಿತು. ಕಾಲಕ್ರಮದಲ್ಲಿ ಈ ಓದಿಗೂ ಸಿದ್ಧವಾದ ಮಾದರಿಗಳು ಹುಟ್ಟಿದುವು. ವ್ಯಂಗ್ಯ, ಅನೇಕಾರ್ಥ, ವಿರೋಧಾಭಾಸಗಳನ್ನು ಎತ್ತಿತೋರಿಸಿದರೆ ಅಂಕ ಬರುತ್ತದೆಂಬುದನ್ನು ವಿದ್ಯಾರ್ಥಿ ಪದ್ಯ ಕಾಣುವ ಮುನ್ನವೇ ಅರಿತನು. ಸಿದ್ಧ ಪ್ರತಿಕ್ರಿಯೆಯನ್ನು ಬಯಲಿಗೆಳೆಯಲು ಹುಟ್ಟಿದ ಉಪಾಯವೇ ಹೊಸದೊಂದು ಸಿದ್ಧ ಪ್ರತಿಕ್ರಿಯೆಯನ್ನು ತಯಾರಿಸಿತು. ನಿರ್ಭಯವಾಗಿ ಬರೆಯಲೆಂದು ಹೆಸರನ್ನು ಅಳಿಸಿದ್ದರು. ಪರೀಕ್ಷೆಯಾದ ಕೂಡಲೆ ವಿದ್ಯಾರ್ಥಿಯ ಸಂಖ್ಯೆ ಹಾಳೆಯ ನೆತ್ತಿಯ ಮೇಲೆ ಮತ್ತೆ ಬಂದು ಕುಳಿತಿತು.

ಪ್ರಯೋಗದಲ್ಲಿಯೂ ಕೊರತೆಗಳಿರಲಿಲ್ಲವೆಂದಲ್ಲ. ಕವಿ, ಕಾಲ, ಸಂದರ್ಭ ಎಲ್ಲವನ್ನೂ ಕಿತ್ತುಹಾಕಿ ಕೊಟ್ಟ ಪದ್ಯ ನೀರಿನಿಂದ ತೆಗೆದ ಮೀನಿನಂತೆ. ಅದು ಈಜಲಿಲ್ಲವೆಂದು ನೋಡುವವನನ್ನು ದೂರಿ ಫಲವಿಲ್ಲ. ನಮ್ಮ ವಚನವೊಂದನ್ನು ಅಂಕಿತವಿಲ್ಲದೆ, ಹನ್ನೆರಡನೆಯ ಶತಮಾನದ ಅರಿವಿಲ್ಲದೆ ಓದಿದವನಿಗೆ ಎಷ್ಟು ದಕ್ಕೀತು? ಯಾವ ಪದ್ಯ ಒಳ್ಳೆಯದೆಂಬ ನಿರ್ಣಯವೂ ರಿಚರ್ಡ್ಸರ ಮನಸ್ಸಿನಲ್ಲಿ ಗುಟ್ಟಾಗಿ ಇದ್ದೇ ಇತ್ತು. ಅವರು ಹಾತೊರೆದ ಮನಶ್ಶಾಸ್ತ್ರದ ಅಳತೆಗೋಲಂತೂ ಕೈಗೆ ಸಿಗಲಿಲ್ಲ. ಪ್ರವೃತ್ತಿಗಳ ಸಮತೋಲವನ್ನು ಯಾರೂ ಅಳೆದು ತೋರಿಸಲಿಲ್ಲ. ಅಳೆಯಹೊರಟವರಿಗೆ ಉಳಿದದ್ದು ಓದುವುದು ಎಷ್ಟು ಕಷ್ಟವೆಂಬ ಅರಿವು. ನನಗೆ ಅದೇ ಅವರ ದೊಡ್ಡ ಲಾಭವೆಂದು ತೋರುತ್ತದೆ.

ಆ ಅರಿವು ಅವರನ್ನು ವಿಮರ್ಶೆಯ ಪೀಠದಿಂದ ಕೆಳಗಿಳಿಸಿ ಪ್ರಾಥಮಿಕ ಪಾಠಶಾಲೆಯ ಕಡೆಗೆ ನಡೆಸಿತು. ಹಳೆಯ ಮಿತ್ರ ಆಗ್ಡನ್ನರು ೮೫೦ ಪದಗಳಲ್ಲಿ ಕಟ್ಟಿದ್ದ ‘ಬೇಸಿಕ್ ಇಂಗ್ಲಿಷ್’ ಎಂಬ ಸರಳಭಾಷೆಯನ್ನು ಹಬ್ಬಿಸಲು ಅವರು ಮತ್ತೆ ಚೀನಾಕ್ಕೆ ಹೋದರು. ೧೯೩೭ರಲ್ಲಿ ಜಪಾನ್ ದಂಡೆತ್ತಿ ಬಂದು ಆ ಕೆಲಸ ಮುರಿದುಬಿತ್ತು. ೧೯೩೯ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಿ, ೧೯೬೩ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿದ್ದರು. ಅಕ್ಷರ ಕಲಿಯುವವರಿಗಾಗಿ ರೇಖಾಚಿತ್ರಗಳ ಪಾಠಪುಸ್ತಕಗಳನ್ನು ಮ ಾಡಿಸುವುದರಲ್ಲಿಯೇ ತಮ್ಮ ಹೆಚ್ಚು ಕಾಲವನ್ನು ಕಳೆದರು. ಜಗತ್ಪ್ರಸಿದ್ಧ ವಿಮರ್ಶಕರು ಹೀಗೆ ಮಗ್ಗಿಯ ಮಟ್ಟಕ್ಕೆ ಇಳಿದರೆಂದು ಮರುಗಿದವರುಂಟು. ಆದರೆ ಹದಿಮೂರು ಪದ್ಯಗಳ ಕತೆಯನ್ನು ಬಲ್ಲವರಿಗೆ ಇದು ಇಳಿತವೆನಿಸದು. ವಾಚ್ಯಾರ್ಥದಲ್ಲಿಯೇ ಓದುಗ ಬೀಳುತ್ತಿದ್ದಾನೆಂದು ಕಂಡವರು, ಬೀಳುವ ಜಾಗಕ್ಕೇ ಹೋಗಿ ನಿಂತರು.

ಅರವತ್ತು ದಾಟಿದ ಮೇಲೆ ಅವರು ತಾವೇ ಕವಿತೆ ಬರೆಯತೊಡಗಿದರು. ಮೊದಲ ಸಂಕಲನ ‘ಗುಡ್‌ಬೈ ಅರ್ತ್’ ಪ್ರಕಟವಾದದ್ದು ೧೯೫೮ರಲ್ಲಿ, ಅವರ ಅರವತ್ತೈದನೆಯ ವಯಸ್ಸಿನಲ್ಲಿ. ಬೇರೆಯವರ ಕವಿತೆಯನ್ನು ಹೇಗೆ ಓದಬೇಕೆಂದು ಮೂವತ್ತು ವರ್ಷ ಹೇಳಿದವರು, ತಮ್ಮ ಹೆಸರು ಹಾಕಿ ತಾವೂ ಪರೀಕ್ಷೆಗೆ ಕುಳಿತರು. ೧೯೭೪ರಲ್ಲಿ ಕೇಂಬ್ರಿಜ್‌ಗೆ ಹಿಂದಿರುಗಿದರು. ೧೯೭೯ರಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ, ವೈದ್ಯರೂ ಸ್ನೇಹಿತರೂ ಒಪ್ಪುವಂಥದಲ್ಲದ ದೂರದ ಪಯಣ ಕೈಕೊಂಡು ಚೀನಾಕ್ಕೆ ಮತ್ತೊಮ್ಮೆ ಪಾಠ ಹೇಳಲು ಹೋದರು. ಅಲ್ಲಿಯೇ ಕಾಯಿಲೆ ಬಿದ್ದರು. ಅವರನ್ನು ಕೇಂಬ್ರಿಜ್‌ಗೆ ಕರೆತಂದರು. ಅದೇ ವರ್ಷದ ಸೆಪ್ಟೆಂಬರ್ ೭ರಂದು ತೀರಿಕೊಂಡರು.

*

ವಿಶ್ವವಿದ್ಯಾನಿಲಯವೆಂದ ಮೇಲೆ ಪರೀಕ್ಷೆ ಇರಲೇಬೇಕು, ಪರೀಕ್ಷೆಯೆಂದ ಮೇಲೆ ಅಂಕ ತಪ್ಪದು. ಅಂಕದ ಮೇಲೆ ಬಡವರ ಮಕ್ಕಳ ವಿದ್ಯಾರ್ಥಿವೇತನ ನಿಂತಿದೆ, ಉದ್ಯೋಗ ನಿಂತಿದೆ. ಅದನ್ನು ತೆಗೆದುಹಾಕಿರೆಂದು ಹೇಳುವ ಎದೆಗಾರಿಕೆ ನನಗಿಲ್ಲ. ರಿಚರ್ಡ್ಸರೂ ಹಾಗೆ ಹೇಳಿದವರಲ್ಲ. ಅವರು ಮಾಡಿದ್ದು ಇಷ್ಟೆ: ವರ್ಷದಲ್ಲಿ ಕೆಲವು ವಾರ, ಅಂಕವಿಲ್ಲದ ಓದಿಗೆ ಒಂದಿಷ್ಟು ಜಾಗ ಬಿಡಿಸಿಕೊಟ್ಟರು, ಅಲ್ಲಿ ಬಂದ ತಪ್ಪುಗಳನ್ನು ಎಣಿಸಿ ಶಿಕ್ಷಿಸುವ ಬದಲು ಅವು ಹುಟ್ಟಿದ ಬಗೆಯನ್ನು ಶೋಧಿಸಿದರು.

ಇದನ್ನು ನಾನೂ ಕನ್ನಡ ತರಗತಿಗಳಲ್ಲಿ ಆಗಾಗ ಮಾಡಿನೋಡಿದ್ದೇನೆ. ಕವಿಯ ಹೆಸರಿಲ್ಲದ ಪದ್ಯವನ್ನು ಹಂಚಿದೊಡನೆ ಬರುವ ಮೊದಲ ಪ್ರಶ್ನೆ, ಇದು ಯಾರದು ಎಂಬುದು. ಎರಡನೆಯದು, ಇದಕ್ಕೆ ಎಷ್ಟು ಅಂಕ ಎಂಬುದು. ಎರಡಕ್ಕೂ ಉತ್ತರ ದೊರೆಯದಾಗ ತರಗತಿ ಸ್ವಲ್ಪ ಹೊತ್ತು ಕಂಗೆಟ್ಟು ಕುಳಿತಿರುತ್ತದೆ. ಆಮೇಲೆ, ಬೇರೆ ದಾರಿಯಿಲ್ಲದೆ, ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಪದ್ಯವನ್ನು ಓದತೊಡಗುತ್ತಾರೆ. ಬರೆದು ಕೊಟ್ಟ ಹಾಳೆಗಳಲ್ಲಿ ತಪ್ಪುಗಳು ಬೇಕಾದಷ್ಟಿರುತ್ತವೆ. ಆದರೆ ಒಬ್ಬರ ತಪ್ಪು ಮತ್ತೊಬ್ಬರ ತಪ್ಪಿನಂತಿರುವುದಿಲ್ಲ. ಪ್ರತಿಯೊಂದೂ ಅವರವರದೇ ತಪ್ಪು. ಅಧ್ಯಾಪಕನಿಗೆ ಪಾಠವನ್ನು ಎಲ್ಲಿಂದ ಮೊದಲುಮಾಡಬೇಕೆಂದು ತಿಳಿಯುವುದು ಆ ಹಾಳೆಗಳಿಂದಲೇ.